ಅಳಿಯನಿಗೆ ಅರೆಹೊಟ್ಟೆ ಕರೆಂಟು

ಬ್ಯಾಡಗಿಯಲ್ಲಿ ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ನಾನು "ಕೋಲ್ಡ್ ಸ್ಟೋರೇಜಿನಾಗ" ಎಂದಷ್ಟೇ ಹೇಳುತ್ತೇನೆ. ಮೆಣಸಿನಕಾಯಿ ಚೀಲ ಎಣಿಸುತ್ತಾಳೆ ಎಂದುಕೊಂಡು ಅವರು ಸುಮ್ಮನಾಗುತ್ತಾರೆ. ಅದೇ ಒಳ್ಳೆಯದು. ಒಮ್ಮೆ ರೈಲಿನಲ್ಲಿ ಎದುರಿಗೆ ಕೂತ ಹೆಂಗಸಿಗೆ, ಸರ್ವರುಗಳಿಗೆ ಎಷ್ಟು ಕರೆಂಟು ಕೊಡಬೇಕು, ಎಷ್ಟು ಕೊಡಬಾರದು ಎಂದು ನೋಡಿಕೊಳ್ಳುವುದೇ ನನ್ನ ಕೆಲಸ ಎಂದು ಖರೆ ಹೇಳಿಬಿಟ್ಟೆ. ಆಕೆ ಕೂತಲ್ಲೇ ನೆಟ್ಟಗಾದಳು. "ಹಂಗಾರ ಕರೆಂಟ್ ತಗಿಯೋರು ನೀವ ಏನ್ರಿ? ನಮ್ಮ ಓಣ್ಯಾಗ ದಿನಾ ಅಡಗಿ ಹೊತ್ತಿಗೇ ಯಾಕ ತಗೀತೀರಿ?" ಎಂದು ರಾಣೆಬೆನ್ನೂರು ಬಿಟ್ಟಾಗ ಹಿಡಿದವಳು ಬ್ಯಾಡಗಿ ಬರುವವರೆಗೆ ನನ್ನನ್ನು ಬಿಡಲಿಲ್ಲ. ಇಳಿಯುವಾಗ ಕರೆಂಟಿನವರೆಲ್ಲರ ಪರವಾಗಿ ನಾನು ಆಕೆಯ ಓಣಿಯ ಕ್ಷಮೆ ಕೇಳಬೇಕಾಯಿತು.

ಮನೆಯಲ್ಲೂ ನನಗೆ ಅಂಥ ಮರ್ಯಾದೆ ಏನಿಲ್ಲ. ಖಾಲಿ ಕೋಣೆಯಲ್ಲಿ ಫ್ಯಾನು ತಿರುಗುವುದು ಕಂಡರೆ ನನ್ನ ಮೈ ಉರಿಯುತ್ತದೆ. ನಾನು ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿದರೆ ನನ್ನ ಗಂಡ ಓಡಿಹೋಗಿ ಎಲ್ಲ ಸ್ವಿಚ್ಚು ಬಂದ್ ಮಾಡುತ್ತಾರೆ. ಒಂದು ದಿನ ಗಡಿಬಿಡಿಯಲ್ಲಿ ಫ್ರಿಜ್ಜನ್ನೂ ಬಂದ್ ಮಾಡಿ ಹಾಲು ಒಡೆಸಿದರು. ಸಿಟ್ಟಿನವಳು ಎಂಬ ಹೆಸರು ನನಗೆ ಹಲಗೇರಿಯಲ್ಲಿ ಹುಟ್ಟಿದಾಗಿನಿಂದಲೇ ಇದೆ. ಮದುವೆಯಾಗಿ ರಾಣೆಬೆನ್ನೂರಿಗೆ ಬಂದಾಗ ಅದೂ ಬೆನ್ನು ಹತ್ತಿ ಬಂತು.

ನಮ್ಮ ಸರ್ವರ್ ಕೋಣೆ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನ ಮೇಲಂತಸ್ತಿನಲ್ಲಿದೆ. ಮಾರುಕಟ್ಟೆಯ ಕೆಲವು ದಲಾಲಿ ಅಂಗಡಿಯವರು, ರಾಣೆಬೆನ್ನೂರಿನ ಒಂದೆರಡು ಬೀಜದ ಕಂಪನಿಯವರು ಕೂಡಿ ಮಾಡಿದ ವ್ಯವಸ್ಥೆ ಇದು. ಮೊದಲು ನಾನು ಬೀಜದ ಕಂಪನಿಯಲ್ಲೇ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಕೋಣೆಗೆ ಜಾಗ ಹುಡುಕುವಾಗ ಕೋಲ್ಡ್ ಸ್ಟೋರೇಜಿನ ಮಾಲಕರು, ನಾವೆಲ್ಲ ಸಾವ್ಕಾರ್ರು ಎಂದು ಕರೆಯುವವರು, ತಾವಾಗಿಯೇ ಮೇಲಿನ ಕೋಣೆ ಕೊಟ್ಟರು. ಅದರ ಒಂದು ಗೋಡೆಯ ಆಚೆಗೇ ಮೆಣಸಿನಕಾಯಿ ಇಡುವ ತಂಪು ಕೋಣೆ. ಆ ಗೋಡೆಗೆ ಅಂಗೈ ಇಟ್ಟರೆ ಬೇಸಿಗೆಯಲ್ಲೂ ಹಾಯೆನಿಸುತ್ತದೆ. ಸರ್ವರುಗಳಿಗೆ ಬೇಕಾದದ್ದು ತಂಪು. ಕೋಣೆ ನೋಡಿದ ದಿನವೇ ನಾನು ಆ ಗೋಡೆಗೆ ಮನಸೋತೆ.

ಕೋಣೆಯಲ್ಲಿ ಇಬ್ಬರೇ, ನಾನು ಮತ್ತು ಹಾವೇರಿಯಿಂದ ದಿನಾ ಬಸ್ಸಿನಲ್ಲಿ ಬರುವ ನನ್ನ ಜೊತೆಗಾರ್ತಿ. ಆಕೆ ನನಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವಳು, ಬಾಯಿಯಲ್ಲಿ ಬಹಳ ದೊಡ್ಡವಳು. ಸರ್ವರುಗಳಿಗೆ ಹೆಸರಿಟ್ಟವಳು ಅವಳೇ. ರೈತರಿಗೆ ತೂಕದ ಚೀಟಿ ಕೊಡುವ ಲೆಕ್ಕವೆಲ್ಲ ಮಾಡುವ ಸರ್ವರಿಗೆ ಹಿರೀಸೊಸೆ, ಏಕೆಂದರೆ ಮನೆಯ ಗಾಣವೆಲ್ಲ ಅದೇ ಎಳೆಯುವುದು. ಕ್ಯಾಮೆರಾಗಳ ಹಳೆಯ ಚಿತ್ರಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುತ್ತ, ಯಾರಿಗೂ ತುರ್ತಿಲ್ಲದ ಕೆಲಸಕ್ಕೆ ಎಲ್ಲರಿಗಿಂತ ಹೆಚ್ಚು ಕರೆಂಟು ತಿನ್ನುವ ಸರ್ವರಿಗೆ ಅಳಿಯ. ಹಳೆಯದಾಗಿ ಗುರುಗುಟ್ಟುತ್ತ ಕೂತದ್ದಕ್ಕೆ ಅಜ್ಜ. ಬೀಜದ ಕಂಪನಿಯವರ ಸರ್ವರು ಬೀಗರು. ಅವರು ರಾಣೆಬೆನ್ನೂರಿನಿಂದ ಬಂದವರು, ಮರ್ಯಾದೆಯಿಂದ ನೋಡಿಕೊಳ್ಳಬೇಕು. ಹೊರಗಿನವರು ಯಾರಾದರೂ ನಮ್ಮ ಮಾತು ಕೇಳಿದರೆ, ಇವರು ಕೆಲಸ ಬಿಟ್ಟು ಮನೆಯ ಚಾಡಿ ಹೇಳುತ್ತ ಕೂತಿದ್ದಾರೆ ಎಂದುಕೊಳ್ಳಬೇಕು. "ಅಕ್ಕಾ, ಅಳಿಯ ಬೆಳಿಗ್ಗಿಂದ ತಿನ್ನಾಕತ್ತಾನ, ಒಂದ ಕಡ್ಡಿ ಆಚೆ ಇಟ್ಟಿಲ್ಲ" ಎಂದು ಅವಳು ಹೇಳಿದರೆ ನನಗೆ ನಗು ತಡೆಯಲಾಗುತ್ತಿರಲಿಲ್ಲ.

ತೊಂದರೆ ಇದ್ದದ್ದು ಹೊರಗಿನ ಟಿ.ಸಿ.ಯಲ್ಲಿ. ಕಟ್ಟಡಕ್ಕೆಲ್ಲ ಒಂದೇ ಟ್ರಾನ್ಸ್‌ಫಾರ್ಮರ್. ಕೆಳಗೆ ಮೆಣಸಿನಕಾಯಿ ತಂಪಾಗಿಡುವ ಕಂಪ್ರೆಸರುಗಳು, ಮೇಲೆ ನಮ್ಮ ಸರ್ವರುಗಳು, ಮುಂದೆ ಸಾವ್ಕಾರ್ರ ಆಫೀಸು, ಎಲ್ಲ ಅದರ ಮೇಲೆಯೇ. ಎಲ್ಲರ ಲೋಡು ಕೂಡಿ ಒಂದು ಗೆರೆ ದಾಟಿತೆಂದರೆ ಮುಖ್ಯ ಸ್ವಿಚ್ಚು ಟಪ್ಪೆಂದು ಬೀಳುತ್ತದೆ, ಕಂಪ್ರೆಸರುಗಳು ನಿಂತುಬಿಡುತ್ತವೆ. ನಿಂತದ್ದನ್ನು ಮತ್ತೆ ಒಂದೊಂದಾಗಿ ಹಚ್ಚಬೇಕು. ಅಷ್ಟರಲ್ಲಿ ಒಳಗಿನ ತಂಪು ಕೈಬಿಟ್ಟಿರುತ್ತದೆ. ದೊಡ್ಡ ಟಿ.ಸಿ.ಗೆ ಮಂಜೂರಾತಿ ಸಿಕ್ಕಿತ್ತು. ಅದಕ್ಕಾಗಿ ಹಾವೇರಿಯ ಕರೆಂಟು ಆಫೀಸಿಗೆ ತಿರುಗಿ ತಿರುಗಿ ಅಲ್ಲಿನ ಮೆಟ್ಟಿಲುಗಳಿಗೂ ನನ್ನ ಗುರುತು ಹತ್ತಿತ್ತು. ಆದರೆ ಸುಗ್ಗಿ ಮುಗಿಯುವ ತನಕ ಯಾರ ಕರೆಂಟನ್ನೂ ತೆಗೆದು ಕೆಲಸ ಮಾಡುವ ಹಾಗಿರಲಿಲ್ಲ. ಜನರೇಟರ್ ಇತ್ತು, ಅದು ಕರೆಂಟು ಹೋದಾಗ ಕಂಪ್ರೆಸರಿಗೆ ಮಾತ್ರ ಎಂಬುದು ಮೊದಲಿನಿಂದಲೂ ಇದ್ದ ಕರಾರು.

ಆ ವರ್ಷ ಮೆಣಸಿನಕಾಯಿ ಬಂದದ್ದೇ ಬಂದದ್ದು. ಶಿವರಾತ್ರಿ ಮುಗಿದು ಬಿಸಿಲು ಏರುತ್ತಿತ್ತು. ಮಾರುಕಟ್ಟೆಯ ದಿನ ಬಂತೆಂದರೆ ಪ್ರಾಂಗಣವೆಲ್ಲ ಕೆಂಪು, ಊರೆಲ್ಲ ಘಾಟು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೇಳುವವರು ಬಂದು ಆ ದಿನ ಒಮ್ಮೆ ಉಸಿರಾಡಿ ನೋಡಬೇಕು. ಕಂಪ್ರೆಸರುಗಳಿಗೂ ಬಿಡುವಿಲ್ಲ, ಹಿರೀಸೊಸೆಗೂ ಬಿಡುವಿಲ್ಲ. ಒಂದೇ ವಾರದಲ್ಲಿ ಸ್ವಿಚ್ಚು ಮತ್ತೆ ಮತ್ತೆ ಬಿತ್ತು.

ಸಾವ್ಕಾರ್ರು ಮೇಲೆ ಹತ್ತಿ ಬಂದರು. ಬಿಳಿ ಅಂಗಿ, ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ, ಮಾತು ಯಾವತ್ತೂ ಮೆತ್ತಗೆ. ಮೆತ್ತಗಿನ ಮಾತಿನವರೆಂದರೆ ನನಗೆ ಭಯ. ಜಗಳವಾಡುವವರಾದರೆ ನಾನೂ ಎರಡು ಮಾತು ಆಡಿ ಹಗುರಾಗಬಹುದು.

"ತಂಗಿ, ಕೆಳಗ ನನ್ನ ಮೆಣಸಿನಕಾಯಿ ಬೆವರಾಕತ್ತಾವು" ಎಂದರು. "ಹುಬ್ಬಳ್ಳ್ಯಾಗ ದೊಡ್ಡ ಸರ್ವರ್ ಮನಿ ಐತಂತ. ಈ ಪೆಟಗಿ ಎಲ್ಲಾ ಲಾರ್‍ಯಾಗ ಹಾಕಿ ಅಲ್ಲಿಗೆ ಕಳಸೂಣು."

"ಮತ್ತ ನಾವು?" ಎಂದೆ.

"ಅಲ್ಲಿ ಅವರ ಮಂದಿ ಇರ್ತಾರಲ್ಲ" ಎಂದರು, ಇನ್ನೂ ಮೆತ್ತಗೆ.

ಆ ಕೋಣೆಯನ್ನು ನಾನು ಎಷ್ಟು ಹಚ್ಚಿಕೊಂಡಿದ್ದೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ಅದರ ಒಂದೊಂದು ತಂತಿ ನಾನು ನಿಂತು ಎಳೆಸಿದ್ದು. ಮಳೆಗಾಲದಲ್ಲಿ ಎಲ್ಲೋ ರಸ್ತೆ ಅಗೆದು ಹೊರಗಿನ ಇಂಟರ್ನೆಟ್ ಸಂಪರ್ಕವೆಲ್ಲ ಕಡಿದುಹೋದ ದಿನವೂ ಬ್ಯಾಡಗಿಯ ರೈತರಿಗೆ ಚೀಟಿ ಸಿಕ್ಕಿತ್ತು. ಏಕೆಂದರೆ ಸರ್ವರು ಅವರ ತಲೆಯ ಮೇಲಿನ ಮಾಳಿಗೆಯಲ್ಲೇ ಇತ್ತು. ಈ ಕೋಣೆ ಹೋದರೆ ನನಗೆ ಬೇರೆ ಕಡೆ ಕೆಲಸ ಸಿಗುತ್ತಿತ್ತು. ಆದರೆ ನನಗೆ ಬೇರೆ ಕೆಲಸ ಬೇಡವಾಗಿತ್ತು. ಇದೇ ಬೇಕಾಗಿತ್ತು.

"ಸಾವ್ಕಾರ್ರ, ಸರ್ವರಿಗೆ ಗೆರಿ ಹಾಕೂದು ಬರತೈತಿ ನನಗ" ಎಂದೆ. "ಇಷ್ಟಕ್ಕಿಂತ ಹೆಚ್ಚು ಕರೆಂಟ್ ತಿನಬ್ಯಾಡ ಅಂದ್ರ ತಿನ್ನೂದಿಲ್ಲ ಅವು. ಸೋಮವಾರದ ಸಂತಿ ನೋಡ್ರಿ. ಸ್ವಿಚ್ ಬಿದ್ರ ಆಮ್ಯಾಲ ಲಾರಿ ತರಸ್ರಿ."

ನಾನು ಹೇಳಿದ್ದು ಸುಳ್ಳಲ್ಲ. ಈಗಿನ ಸರ್ವರುಗಳಲ್ಲಿ ಅಂಥ ಸೌಲಭ್ಯ ಇದೆ. ಇಂತಿಷ್ಟು ವ್ಯಾಟ್ ಎಂದು ಮಿತಿ ಹಾಕಿಕೊಟ್ಟರೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಂಡು ಆ ಮಿತಿಯೊಳಗೇ ಕೆಲಸ ಮಾಡುತ್ತದೆ. ಕೆಲಸ ನಿಲ್ಲುವುದಿಲ್ಲ, ನಿಧಾನವಾಗುತ್ತದೆ. ಕಟ್ಟಡಕ್ಕೆ ಸಿಗುವ ಕರೆಂಟಿನಲ್ಲಿ ಕಂಪ್ರೆಸರುಗಳ ಪಾಲು, ಉಳಿದವರ ಪಾಲು ಕಳೆದು ನಮಗೆಷ್ಟು ಉಳಿಯುತ್ತದೆ ಎಂದು ಲೆಕ್ಕ ಹಾಕಿ, ಅದನ್ನು ಸರ್ವರುಗಳಿಗೆ ಹಂಚುವುದಷ್ಟೇ ಉಳಿದಿತ್ತು. ಆ ಹಂಚುವ ಕೆಲಸದಲ್ಲೇ ನಾನು ಎಡವಿದೆ.

ನಾನು ಎಲ್ಲ ಸರ್ವರಿಗೂ ಒಂದೇ ಮಿತಿ ಹಾಕಿದೆ. ಬೇರೆ ಯೋಚನೆ ನನ್ನ ತಲೆಗೆ ಬರಲೇ ಇಲ್ಲ. ಹಲಗೇರಿಯ ನಮ್ಮ ಮನೆಯಲ್ಲಿ ಪಂಕ್ತಿಭೇದವೆಂದರೆ ಕಳ್ಳತನಕ್ಕಿಂತ ದೊಡ್ಡ ತಪ್ಪು. ಸಾಲಿನಲ್ಲಿ ಕೂತವರಲ್ಲಿ ಒಬ್ಬರ ಎಲೆಗೆ ತುಪ್ಪ ಒಂದು ಹನಿ ಹೆಚ್ಚು ಬಿದ್ದರೆ ಅವ್ವ ಬಡಿಸುವವರ ಕೈ ಹಿಡಿದು ನಿಲ್ಲಿಸುತ್ತಿದ್ದಳು. ಅಂಥ ಮನೆಯಲ್ಲಿ ಬೆಳೆದವಳು ನಾನು. ಅಳಿಯನಿಗೂ ಅಷ್ಟೇ, ಹಿರೀಸೊಸೆಗೂ ಅಷ್ಟೇ ಎಂದು ಬಡಿಸಿ, ನ್ಯಾಯ ಮಾಡಿದೆನೆಂಬ ಹೆಮ್ಮೆಯಿಂದ ಮನೆಗೆ ಹೋದೆ.

ಸೋಮವಾರ ಸ್ವಿಚ್ಚು ಬೀಳಲಿಲ್ಲ. ಮಧ್ಯಾಹ್ನದವರೆಗೆ ನಾನೂ ನನ್ನ ಜೊತೆಗಾರ್ತಿಯೂ ಒಬ್ಬರ ಮುಖ ಒಬ್ಬರು ನೋಡಿ ನಗುತ್ತ ಇದ್ದೆವು. ಆಮೇಲೆ ಕೆಳಗಿನಿಂದ ಗದ್ದಲ ಕೇಳತೊಡಗಿತು. ಅಂಗಳದ ತಕ್ಕಡಿಯಲ್ಲಿ ತೂಕವಾದ ಚೀಲಗಳು ಕೆಲವು ಆಗಲೇ ಲಾರಿ ಹತ್ತಿದ್ದವು, ಕೆಲವು ತಂಪು ಕೋಣೆ ಸೇರಿದ್ದವು, ಚೀಟಿ ಮಾತ್ರ ಬರುತ್ತಿರಲಿಲ್ಲ. ಚೀಟಿ ಇಲ್ಲದೆ ರೈತ ಊರಿಗೆ ಹೋಗುವ ಹಾಗಿಲ್ಲ. ಹಿರೀಸೊಸೆ ತನ್ನ ಮಿತಿಯೊಳಗೆ ಉಸಿರು ಬಿಗಿಹಿಡಿದು ಒಂದೊಂದೇ ಚೀಟಿ ತೆಗೆಯುತ್ತಿದ್ದರೆ, ಪಕ್ಕದಲ್ಲಿ ಅಳಿಯ ತನ್ನ ಪಾಲು ಪೂರ್ತಿ ತಿನ್ನುತ್ತ ಹೋದ ತಿಂಗಳ ಗೇಟಿನ ಚಿತ್ರಗಳನ್ನು ನಕಲು ಮಾಡುತ್ತಿದ್ದ. ನಾನು ಕೆಳಗೆ ಇಳಿದು ಹೋದೆ. ದೂರದ ಊರಿನ ಒಬ್ಬ ಹಿರಿಯ ರೈತರು ಕಟ್ಟೆಯ ಮೇಲಿಂದ ನನ್ನನ್ನು ನೋಡಿ, "ಯವ್ವಾ, ನನ್ನ ಮೆಣಸಿನಕಾಯಿ ತೂಕಾಗಿ ತಣ್ಣಗ ಮಲಗ್ಯಾವು. ನಾ ಇನ್ನೂ ಬಿಸಿಲಾಗ ನಿಂತೇನಿ. ನಂದೂ ಒಂದ ಸಲ ತೂಕಾ ಮಾಡಿ ಒಳಗ ಇಡ್ರಿ" ಎಂದರು. ಸುತ್ತಲಿದ್ದವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಕೊನೆಯ ರೈತರಿಗೆ ಚೀಟಿ ಸಿಗುವಾಗ ಅವರ ಬಸ್ಸು ಹೋಗಿಯಾಗಿತ್ತು.

ಸಾವ್ಕಾರ್ರು ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದರು. "ಸ್ವಿಚ್ ಬೀಳಲಿಲ್ಲ ಖರೆ, ತಂಗಿ. ಆದ್ರ ಮಂದಿ ಬಿದ್ರಲ್ಲ" ಎಂದರು. "ಗುರುವಾರ ಒಂದ ಸಂತಿ ನೋಡ್ತೇನಿ. ಶುಕ್ರವಾರಕ್ಕ ಲಾರಿ ಹೇಳೇನಿ."

ಲಾರಿಗೆ ಆಗಲೇ ಹೇಳಿಯಾಗಿತ್ತು. ನನಗೆ ಅಳುವೂ ಬಂತು, ಹಸಿವೂ ಆಗಿತ್ತು. ಹಸಿವನ್ನಾದರೂ ನೋಡೋಣ ಎಂದು ಮಾರುಕಟ್ಟೆಯ ಹಿಂದಿನ ಖಾನಾವಳಿಗೆ ನಡೆದೆ.

ಅಲ್ಲಿ ಹಮಾಲರು ಸಾಲಾಗಿ ಊಟಕ್ಕೆ ಕೂತಿದ್ದರು. ನಾನೂ ಮೂಲೆಯಲ್ಲಿ ಕೂತೆ. ಖಾನಾವಳಿಯ ಅಕ್ಕ ಒಂದು ಬಿಸಿ ರೊಟ್ಟಿ ಹಂಚಿನಿಂದ ಎತ್ತಿದಳು. ಅದು ಹಮಾಲರ ತಾಟಿಗೆ ಹೋಯಿತು. ಎರಡನೆಯದೂ ಅಲ್ಲಿಗೇ. ಆಮೇಲೆ ಎಣ್ಣೆಗಾಯಿ ಪಲ್ಯ, ಅದೂ ಅಲ್ಲಿಗೇ. ನನ್ನ ತಾಟಿನಲ್ಲಿ ಶೇಂಗಾ ಚಟ್ನಿ ಒಂದೇ ಕೂತು ನನ್ನ ಮುಖ ನೋಡುತ್ತಿತ್ತು. ಬೆಳಗಿನಿಂದ ಕಟ್ಟಿಟ್ಟ ಸಿಟ್ಟೆಲ್ಲ ಆ ಚಟ್ನಿಯ ಮೇಲೆ ಒಡೆಯಿತು.

"ಅಕ್ಕಾ, ಪಂಕ್ತಿಭೇದ ಮಾಡಾಕತ್ತೀಯಲ್ಲ! ನಾನೇನ ರೊಟ್ಟಿ ನೋಡಾಕ ಬಂದೇನೇನ?"

ಆಕೆ ತಲೆ ಎತ್ತಲೂ ಇಲ್ಲ. "ಅವರ ಲಾರಿ ನಿಂತೈತಿ ಯವ್ವಾ. ನಿನ್ನ ಕುರ್ಚಿ ಎಲ್ಲಿ ಓಡಿ ಹೊಕ್ಕೈತಿ? ತಡಿ" ಎಂದಳು.

ಹಮಾಲರೆಲ್ಲ ಗೊಳ್ಳೆಂದು ನಕ್ಕರು. ಒಬ್ಬ ತನ್ನ ರೊಟ್ಟಿಯನ್ನು ಅರ್ಧ ಮುರಿದು "ತಗೋರಿ ಅಕ್ಕಾರ, ಸಿಟ್ಟಾಗಬ್ಯಾಡ್ರಿ" ಎಂದು ನನ್ನ ತಾಟಿಗೆ ಹಾಕಿದ. ನಾನು ಮುಖ ಊದಿಸಿಕೊಂಡೇ ತುತ್ತು ಮುರಿದೆ. ಮುರಿದ ತುತ್ತು ಬಾಯಿಗೆ ಹೋಗಲಿಲ್ಲ. ಹಮಾಲರಿಗೆ ಬಿಸಿ ರೊಟ್ಟಿ ಹೋದದ್ದಕ್ಕೆ ನನಗೆ ಹೊಟ್ಟೆಕಿಚ್ಚಾಗಿತ್ತು. ಆ ಹೊಟ್ಟೆಕಿಚ್ಚಿನಲ್ಲೇ ನಾನು ಯಾರೆಂಬುದು ನನಗೆ ಸ್ಪಷ್ಟವಾಗಿ ಕಂಡಿತು. ಇವತ್ತು ಈ ಸಾಲಿನಲ್ಲಿ ನಾನು ಅಳಿಯ. ನನಗೆ ಯಾವ ಅವಸರವೂ ಇರಲಿಲ್ಲ. ಅವರಿಗಿತ್ತು.

ನಾನು ಎದ್ದು ನಿಂತು ನಕ್ಕೆ. ಅಕ್ಕ ಗಾಬರಿಯಾಗಿ ಒಂದೇ ಸಲಕ್ಕೆ ಎರಡು ರೊಟ್ಟಿ ತಂದು ಹಾಕಿದಳು. ಎರಡನ್ನೂ ತಿಂದು, ಕೈ ಒರೆಸಿಕೊಳ್ಳುತ್ತಲೇ ಕೋಣೆಗೆ ಓಡಿದೆ.

ಆಮೇಲಿನ ದಿನಗಳು ನನ್ನ ಜೀವನದಲ್ಲೇ ಎಲ್ಲಕ್ಕಿಂತ ಖುಷಿಯ ದಿನಗಳೆಂದರೆ ಯಾರೂ ನಂಬುವುದಿಲ್ಲ. ತಲೆಯ ಮೇಲೆ ಲಾರಿ ನಿಂತಿತ್ತು, ನಾವಿಬ್ಬರೂ ಮಾತ್ರ ಮದುವೆ ಮನೆಯಲ್ಲಿ ಓಡಾಡುವವರ ಹಾಗೆ ಓಡಾಡುತ್ತಿದ್ದೆವು. ಯಾರ ಕೆಲಸ ಕಾಯಬಲ್ಲದು, ಯಾರದು ಕಾಯಲಾರದು ಎಂದು ಒಂದೊಂದೇ ಸರ್ವರಿನ ಮುಂದೆ ನಿಂತು ಜಗಳ ಮಾಡಿ ನಿರ್ಧರಿಸಿದೆವು. ಹಿರೀಸೊಸೆಯ ಮಿತಿ ಪೂರ್ತಿ ಸಡಿಲ ಬಿಟ್ಟೆವು. ಅಳಿಯನಿಗೆ ಉಸಿರು ಹಿಡಿದುಕೊಳ್ಳುವಷ್ಟು ಮಾತ್ರ. ಅಜ್ಜನ ಕೆಲಸವನ್ನು ಬೇರೆಯವರಿಗೆ ಹಂಚಿ ಅವನನ್ನು ಪೂರ್ತಿ ಆರಿಸಿದೆವು. ಸುಮ್ಮನೆ ಗುರುಗುಟ್ಟುತ್ತ ಕೂಡುವುದಕ್ಕೂ ಅವನಿಗೆ ಕರೆಂಟು ಬೇಕಾಗುತ್ತಿತ್ತು. ಬೀಗರ ವಿಷಯ ನಾಜೂಕಿನದು. ರಾಣೆಬೆನ್ನೂರಿಗೆ ಫೋನ್ ಮಾಡಿ, ಬೀಜ ಎಷ್ಟು ಮೊಳೆತಿವೆ ಎಂದು ಅವರ ಸರ್ವರು ಮಾಡುವ ಮೊಳಕೆಯ ಚಿತ್ರಗಳ ಲೆಕ್ಕವನ್ನು ಸಂತೆಯ ದಿನ ಬಿಟ್ಟು ಮರುದಿನ ಮಾಡಿಕೊಟ್ಟರೆ ನಡೆಯುತ್ತದೆಯೇ ಎಂದು ಕೇಳಿದೆ. ಆ ಕಡೆಯವರು, "ಮಳಕಿ ಏನ್ ಓಡಿ ಹೊಕ್ಕಾವೇನ್ರಿ, ಆಗಲಿ" ಎಂದುಬಿಟ್ಟರು. ಇಷ್ಟು ಸುಲಭವಿತ್ತೇ ಎಂದು ನನಗೇ ನಾಚಿಕೆಯಾಯಿತು.

ಇನ್ನೊಂದು ಕೆಲಸವಿತ್ತು, ಧೂಳು ತಡೆಯುವ ಜಾಳಿಗೆ ಜಾಡಿಸುವುದು. ಸರ್ವರುಗಳೊಳಗಿನ ಫ್ಯಾನುಗಳು ಗಾಳಿ ಎಳೆಯುತ್ತವೆ. ಬ್ಯಾಡಗಿಯ ಗಾಳಿಯೆಂದರೆ ಅರ್ಧ ಮೆಣಸಿನ ಪುಡಿ. ಕೋಣೆಯ ಜಾಳಿಗೆಗಳು ಕೆಂಪು ಧೂಳು ಕಟ್ಟಿಕೊಂಡು ಮುಚ್ಚಿಹೋಗಿದ್ದವು. ಗಾಳಿ ಸಾಲದೆ ಫ್ಯಾನುಗಳು ಹುಚ್ಚು ಹಿಡಿದಂತೆ ತಿರುಗಿ ತಾವೇ ಅಷ್ಟಿಷ್ಟು ಕರೆಂಟು ತಿನ್ನುತ್ತಿದ್ದವು. ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮಾಳಿಗೆಯ ಮೇಲೆ ಜಾಳಿಗೆ ಜಾಡಿಸಿದೆವು. ನನ್ನ ಜೊತೆಗಾರ್ತಿ ಸೀನಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಅವಳು ಸೀನಿದ್ದಕ್ಕೆ ನಾನು ನಕ್ಕೆ, ನಕ್ಕದ್ದಕ್ಕೆ ನನ್ನ ಬಾಯೊಳಗೂ ಧೂಳು ಹೋಯಿತು. ಕೆಳಗಿನ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕೂತ ಹೆಂಗಸರು ಮೇಲೆ ನೋಡಿ, "ಏನ್ರೇ ಅದು, ಅಲ್ಲೇನ್ ಒಗ್ಗರಣಿ ಹಾಕಾಕತ್ತೀರೇನು?" ಎಂದು ಕೂಗಿದರು.

ಜಾಳಿಗೆ ಮತ್ತೆ ಕೂಡಿಸಿದ ಮೇಲೆ ಫ್ಯಾನುಗಳ ಸದ್ದು ಇಳಿಯಿತು. ಕೋಣೆಯಲ್ಲಿ ನಮ್ಮ ಮಾತು ನಮಗೇ ಕೇಳತೊಡಗಿತು. ಎ.ಸಿ.ಯನ್ನೂ ಸಡಿಲಿಸಿದೆವು. ಸರ್ವರಿಗೆ ಮಂಜುಗಡ್ಡೆಯಂಥ ಚಳಿ ಬೇಕೆಂದು ಜನ ತಿಳಿಯುತ್ತಾರೆ; ಅಷ್ಟು ಬೇಕಿಲ್ಲ. ನನ್ನ ಜೊತೆಗಾರ್ತಿ ವರ್ಷವಿಡೀ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದಳು. ಅವಳು ಸ್ವೆಟರ್ ತೆಗೆದು ಕುರ್ಚಿಗೆ ಹಾಕುವವರೆಗೆ ನಾನು ಎ.ಸಿ.ಯ ಡಿಗ್ರಿ ಏರಿಸುತ್ತ ಹೋದೆ. ತಂಪು ಗೋಡೆ ಉಳಿದದ್ದನ್ನು ನೋಡಿಕೊಂಡಿತು. ಸರ್ವರುಗಳ ಬಿಸಿ ಏರಲಿಲ್ಲ, ಲೋಡು ಮಾತ್ರ ಇಳಿಯಿತು.

ಗುರುವಾರ ಬಂತು. ಸೋಮವಾರಕ್ಕಿಂತ ಹೆಚ್ಚು ಮಾಲು. ಲಾರಿಗಳ ಸಾಲು ಸ್ಟೇಶನ್ ರಸ್ತೆಯವರೆಗೆ ನಿಂತಿತ್ತು. ಕೆಳಗೆ ಎಲ್ಲ ಕಂಪ್ರೆಸರುಗಳೂ ಒಮ್ಮೆಗೇ ಗುಡುಗುತ್ತಿದ್ದವು. ಮೇಲೆ ಹಿರೀಸೊಸೆ ಕೂದಲು ಕಟ್ಟಿಕೊಂಡು ಕೆಲಸಕ್ಕಿಳಿದಿದ್ದಳು. ತಕ್ಕಡಿಯಿಂದ ಚೀಲ ಇಳಿಯುವಷ್ಟರಲ್ಲಿ ಚೀಟಿ ಹೊರಗೆ! ಚೀಟಿಗಾಗಿ ಕಾದು ನಿಲ್ಲುವ ಕಟ್ಟೆ ಖಾಲಿ ಇತ್ತು. ನನ್ನ ಜೊತೆಗಾರ್ತಿ ಕಿಟಕಿಯಿಂದ ಅದನ್ನು ನೋಡಿ ಕೋಣೆಯೊಳಗೆ ಒಂದು ಸುತ್ತು ಕುಣಿದಳು. ನನಗೂ ಕುಣಿಯಬೇಕೆನಿಸಿತು, ವಯಸ್ಸು ನೆನಪಾಗಿ ಕೂತೆ.

ಊಟದ ಹೊತ್ತು ದಾಟಿದ ಮೇಲೆ ಪರದೆಯ ಮೇಲೆ ಕಟ್ಟಡದ ಒಟ್ಟು ಲೋಡು ಏರತೊಡಗಿತು. ನೋಡನೋಡುತ್ತಿದ್ದಂತೆ ಗೆರೆಯ ಹತ್ತಿರಕ್ಕೆ ಬಂತು. ನಮ್ಮ ಸರ್ವರುಗಳ ಲೋಡು ಇದ್ದಲ್ಲೇ ಇತ್ತು. ಅಳಿಯನಿಗೆ ಇನ್ನು ಕಡಿಮೆ ಮಾಡಲು ಬರುತ್ತಿರಲಿಲ್ಲ. ಅಜ್ಜ ಆರಿದ್ದ. ಬೀಗರು ಸುಮ್ಮನಿದ್ದರು. ಕಡಿಮೆ ಮಾಡಬಹುದಾದದ್ದು ಹಿರೀಸೊಸೆಯದೊಂದೇ; ಮಾಡಿದರೆ ಸೋಮವಾರದ್ದೇ ಕಥೆ. ಮಾಡದಿದ್ದರೆ ಸ್ವಿಚ್ಚು. ಎರಡರಲ್ಲಿ ಯಾವುದಾದರೂ ಶುಕ್ರವಾರದ ಲಾರಿ ಬರುವುದು ಖಂಡಿತ.

"ನೀನು ಇದನ್ನ ನೋಡ್ತಿರು. ಏನೂ ಮುಟ್ಟಬ್ಯಾಡ" ಎಂದು ಅವಳಿಗೆ ಹೇಳಿ ಕೆಳಗೆ ಓಡಿದೆ. ಕಂಪ್ರೆಸರಿನ ಕೋಣೆಯಲ್ಲಿ ಹೊಸದೇನೂ ಇರಲಿಲ್ಲ. ಹಮಾಲರ ಹತ್ತಿರ ಏನೂ ಇರಲಿಲ್ಲ. ಮುಂದಿನ ಕಡೆ ಬಂದಾಗ ಸಾವ್ಕಾರ್ರ ಆಫೀಸಿನ ಬಾಗಿಲಿನಿಂದ ತಣ್ಣನೆಯ ಗಾಳಿ ನನ್ನ ಕಾಲಿಗೆ ತಾಗಿತು.

ಒಳಗೆ ಹೊರ ರಾಜ್ಯದಿಂದ ಬಂದ ಖರೀದಿದಾರರು ಕೂತಿದ್ದರು. ಅವರ ಉಪಚಾರಕ್ಕೆ ಆಫೀಸಿನ ಎ.ಸಿ.ಗಳೆಲ್ಲ ಭರ್ತಿ ಚಳಿಯಲ್ಲಿ ಓಡುತ್ತಿದ್ದವು. ಚಹಾ ತರುವವರಿಗೆ ಅಡ್ಡಿಯಾಗಬಾರದೆಂದು ಬಾಗಿಲನ್ನು ಹಾರು ಹೊಡೆದು ತೆರೆದಿಟ್ಟಿದ್ದರು! ಮಾರುಕಟ್ಟೆಯ ಬಿಸಿಲನ್ನೆಲ್ಲ ತಂಪು ಮಾಡಲು ನೋಡುತ್ತಿದ್ದವು ಆ ಎ.ಸಿ.ಗಳು. ನನ್ನ ಸಿಟ್ಟು ನನ್ನನ್ನು ಕೇಳದೆಯೇ ಒಳಗೆ ಹೋಯಿತು. ನಾನು ಅದರ ಹಿಂದೆ ಹೋದೆ. ಗೋಡೆಯ ಹತ್ತಿರ ನಡೆದು ಒಂದೊಂದೇ ಸ್ವಿಚ್ಚು ಬಂದ್ ಮಾಡಿದೆ.

ಒಬ್ಬ ಖರೀದಿದಾರರ ಕೈಯಲ್ಲಿ ಚಹಾದ ಬಸಿ ಅಲ್ಲೇ ನಿಂತಿತ್ತು. ಸಾವ್ಕಾರ್ರು ನನ್ನನ್ನು ನೋಡುತ್ತಿದ್ದರು. ಅವರ ಆಫೀಸಿನಲ್ಲಿ, ಅವರಿಗೆ ಸ್ವಂತ ಬೀಗರಿಗಿಂತ ಹೆಚ್ಚಾದ ಆ ಖರೀದಿದಾರರ ಎದುರಿಗೆ, ಅವರನ್ನು ಕೇಳದೆ ಯಾರೂ ಒಂದು ಲೋಟ ಅತ್ತಿತ್ತ ಇಟ್ಟದ್ದನ್ನು ನಾನು ನೋಡಿರಲಿಲ್ಲ.

"ಸಾವ್ಕಾರ್ರ," ಎಂದೆ, ನನ್ನ ದನಿ ನನಗೇ ಬೇರೆಯಾಗಿ ಕೇಳಿತು, "ಮ್ಯಾಲ ಎಲ್ಲಾರಿಗೂ ಗೆರಿ ಹಾಕೇನಿ. ಈಗ ನಿಮಗೂ ಹಾಕಬೇಕಾಗೇತಿ. ರೈತರ ಚೀಟಿ ಮುಗಿಯೂತನಕ ಇದನ್ನ ಹಚ್ಚಬ್ಯಾಡ್ರಿ."

ಅವರು ಏನಾದರೂ ಹೇಳುವ ಮೊದಲೇ ಹೊರಗೆ ಬಂದೆ. ಧೈರ್ಯವಲ್ಲ, ಉತ್ತರ ಕೇಳಲು ಧೈರ್ಯವಿರಲಿಲ್ಲ. ಮೆಟ್ಟಿಲು ಹತ್ತಿ ಕೋಣೆಗೆ ಬಂದು ನಡೆದದ್ದನ್ನು ಹೇಳಿದೆ. ನನ್ನ ಜೊತೆಗಾರ್ತಿ ಬಾಯಿ ಮೇಲೆ ಕೈ ಇಟ್ಟುಕೊಂಡು, "ಅಕ್ಕಾ, ಹಂಗಾರ ಸಾಮಾನು ಕಟ್ಟಲೇನ?" ಎಂದಳು. ಪರದೆಯ ಮೇಲೆ ಲೋಡು ಇಳಿದಿತ್ತು. ಗೆರೆಯ ಕೆಳಗೆ, ಆರಾಮಾಗಿ.

ಎ.ಸಿ. ಮತ್ತೆ ಹಚ್ಚುತ್ತಾರೆ, ಈಗ ಹಚ್ಚುತ್ತಾರೆ ಎಂದು ಪರದೆಯನ್ನೇ ನೋಡುತ್ತ ಕೂತೆ. ಲೋಡು ಏರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ನನ್ನ ಜೊತೆಗಾರ್ತಿ ಕಿಟಕಿಯಿಂದ ನನ್ನನ್ನು ಕರೆದಳು. ಕೆಳಗೆ ಬೇವಿನ ಮರದ ನೆರಳಿನಲ್ಲಿ, ಖಾಲಿ ಗೋಣಿಚೀಲ ಹಾಸಿಕೊಂಡು, ಹಮಾಲರ ಪಕ್ಕದಲ್ಲೇ ಖರೀದಿದಾರರೆಲ್ಲ ಕೂತಿದ್ದರು. ಸಾವ್ಕಾರ್ರು ಅಂಗಿಯ ಮೇಲಿನ ಗುಂಡಿ ಬಿಚ್ಚಿ ಟವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತ, ಮಾಲಿನ ಮಾತು ಮುಂದುವರಿಸಿದ್ದರು. ಖರೀದಿದಾರರೊಬ್ಬರು ಮೆಣಸಿನಕಾಯಿ ಮುರಿದು ಮೂಸಿ ಸೀನಿದರು. ಹಮಾಲರು ಅವರಿಗೆ ನೀರು ಕೊಟ್ಟರು.

ಮಾಲು ಬರುತ್ತಲೇ ಇತ್ತು, ಚೀಟಿ ಹೋಗುತ್ತಲೇ ಇತ್ತು. ಒಬ್ಬೊಬ್ಬರೇ ರೈತರು ಚೀಟಿ ಮಡಚಿ ಜೇಬಿಗಿಟ್ಟುಕೊಂಡು ಬಸ್ ಸ್ಟ್ಯಾಂಡಿನ ಕಡೆಗೆ ನಡೆದರು. ಬಿಸಿಲು ಇಳಿಯತೊಡಗಿತು. ಸ್ವಿಚ್ಚು ಬೀಳಲಿಲ್ಲ. ನಾನು ಮಾತ್ರ ಸಾವ್ಕಾರ್ರು ಮೆಟ್ಟಿಲು ಹತ್ತುವ ಸದ್ದಿಗಾಗಿ ಕಿವಿಗೊಟ್ಟು ಕೂತಿದ್ದೆ. ಬಂದು ಮೆತ್ತಗೆ ಒಂದು ಮಾತು ಆಡಿದರೆ ಮುಗಿಯಿತು.

ಅವರು ಹತ್ತಿ ಬರಲಿಲ್ಲ. ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು. ಅವರು ಕೂಗಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಅಕ್ಕಾರ! ಈಗ ಎ.ಸಿ. ಹಚ್ಚಬೌದೇನ್ರಿ?"

ತಂಗಿ ಎನ್ನುತ್ತಿದ್ದವರು ಅಕ್ಕಾರ ಎಂದರು. ನಗುತ್ತಿದ್ದರೋ ಇಲ್ಲವೋ ಮೇಲಿನಿಂದ ಕಾಣಲಿಲ್ಲ. ನನ್ನ ಜೊತೆಗಾರ್ತಿ ನನ್ನ ತೋಳು ಹಿಡಿದುಕೊಂಡಳು. ನಾನು ಪರದೆ ನೋಡಿದೆ. ತಕ್ಕಡಿಯ ಮೇಲೆ ಇನ್ನೂ ಒಬ್ಬ ರೈತರ ಮಾಲು ಇತ್ತು.

"ಇನ್ನೊಂದ ಚೀಟಿ ಬಾಕಿ ಐತ್ರಿ. ತಡೀರಿ" ಎಂದು ಕೂಗಿದೆ.

"ಆತು" ಎಂದರು ಸಾವ್ಕಾರ್ರು. ಜೇಬಿನಿಂದ ಫೋನು ತೆಗೆದು, ನಾಳೆ ಲಾರಿ ಬೇಡವೆಂದು ಯಾರಿಗೋ ಹೇಳುತ್ತ, ಮರಳಿ ಹೋಗಿ ಗೋಣಿಚೀಲದ ಮೇಲೆ ಕೂತರು.